ಹೆಸರಿನ ಎಲ್ಲೆ

ಗಣಕಯಂತ್ರವು ಈಗ ನಮ್ಮ ವಾಚಕರಲ್ಲಿ ಬಹುಮಂದಿಯ ಮನೆಗಳಲ್ಲಿ ಉಂಟು. ಅದರ ಮುಂದೆ ಕುಳಿತು ಪತ್ರ ಬರೆಯುವವರೂ ಲೆಕ್ಕವಿಡುವವರೂ ಅನೇಕರು. ಅದಕ್ಕೆ ಬರವಣಿಗೆಯಲ್ಲಿ ಅಪ್ಪಣೆ ಕೊಟ್ಟು, ತಾವು ಮಲಗಿರುವಾಗಲೂ ಕೆಲಸ ಮಾಡಿಸಿಕೊಳ್ಳುವವರು ಕೆಲವರು ಮಾತ್ರ. ಈ ಎರಡನೆಯ ಪಂಗಡಕ್ಕೆ ಸೇರಬೇಕೆಂಬ ಆಸೆಯಿಂದ ನಾವು ಮುದಿವಯಸ್ಸಿನಲ್ಲಿ ಕಲಿಯಹೊರಟು, ಒಂದು ಸಣ್ಣ ಅಜ್ಞಾನಕ್ಕಾಗಿ ದೊಡ್ಡ ದಂಡವನ್ನು ತೆತ್ತೆವು. ಆ ವೃತ್ತಾಂತವನ್ನು ಈ ತಿಂಗಳು ನಿವೇದಿಸುತ್ತೇವೆ.

ನಮಗೆ ವ್ಯಾಕರಣ ಪಾಠ ಹೇಳಿದ ಗುರುಗಳು ಬರೆಯಿಸಿದ ಟಿಪ್ಪಣಿಗಳು ನಾಲ್ಕು ನೋಟುಪುಸ್ತಕಗಳಲ್ಲಿ ನಮ್ಮ ಬಳಿ ಇದ್ದುವು. ಕಾಗದವು ಜೀರ್ಣವಾಗುತ್ತಿದ್ದುದರಿಂದ ಅವನ್ನು ಗಣಕದಲ್ಲಿ ಟೈಪು ಮಾಡತೊಡಗಿದೆವು. ಎಂಟು ತಿಂಗಳ ಕೆಲಸ. ಮೂರನೆಯ ಪುಸ್ತಕವು ಪುಟ ತಿರುವಿದಂತೆಲ್ಲ ಪುಡಿಯಾಗಿ, ಕೆಲಸ ಮುಗಿಯುವ ವೇಳೆಗೆ ರಟ್ಟು ಮಾತ್ರ ಉಳಿಯಿತು. ಇನ್ನು ಗಣಕದ ಪ್ರತಿಯೇ ಆಧಾರವೆಂದು, ಪ್ರತಿರಾತ್ರಿಯೂ ಅದರ ನಕಲು ಹೊರಗಿನ ಡಿಸ್ಕಿಗೆ ಹೋಗುವಂತೆ ಒಂದು ಸ್ಕ್ರಿಪ್ಟನ್ನು ನಾವೇ ಬರೆದೆವು. ಸ್ಕ್ರಿಪ್ಟೆಂದರೆ ಒಂದಾದಮೇಲೊಂದರಂತೆ ನಡೆಯತಕ್ಕ ಅಪ್ಪಣೆಗಳ ಪಟ್ಟಿ. ಅದನ್ನು ಓದಿ ನಡೆಯಿಸುವ ಪ್ರೋಗ್ರಾಮಿಗೆ ‘ಶೆಲ್’ ಎಂದು ಹೆಸರು.

ನಮ್ಮ ಪಟ್ಟಿಯಲ್ಲಿ ಎರಡೇ ಅಪ್ಪಣೆಗಳು. ‘ಗುರಿ’ ಎಂಬ ಹೆಸರಿನ ಸ್ಥಳದಲ್ಲಿ ಹೊಸ ನಕಲನ್ನು ಇಡು ಎಂಬುದು ಮೊದಲನೆಯದು. ಮೂವತ್ತು ದಿನ ದಾಟಿದ ನಕಲುಗಳನ್ನು ಅಳಿಸು ಎಂಬುದು ಎರಡನೆಯದು. ಎರಡನೆಯದರಲ್ಲಿ ಡಿಸ್ಕಿನ ಪೂರ್ಣ ವಿಳಾಸವನ್ನೇ ಬರೆದಿದ್ದೆವು. ಮೊದಲನೆಯದರಲ್ಲಿ ಹೆಸರು ಮಾತ್ರ. ಇಂಥ ಹೆಸರಿಗೆ ವೇರಿಯಬಲ್ ಎನ್ನುತ್ತಾರೆ. ಅದಕ್ಕೆ ಬೆಲೆಯನ್ನು, ನಾವು ಟರ್ಮಿನಲ್ ತೆರೆದಾಗಲೆಲ್ಲ ಶೆಲ್ ಓದಿಕೊಳ್ಳುವ ಸೆಟ್ಟಿಂಗ್ ಕಡತದಲ್ಲಿ ಕೊಟ್ಟಿದ್ದೆವು. ಕೈಯಾರೆ ನಡೆಯಿಸಿ ನೋಡಿದೆವು. ನಕಲು ಸರಿಯಾಗಿ ಬಿತ್ತು. ಅಂದಿನಿಂದ ಅದನ್ನು ಕ್ರಾನ್ ಎಂಬ ರಾತ್ರಿಯ ಪಹರೆಯವನಿಗೆ ಒಪ್ಪಿಸಿ ನಿಶ್ಚಿಂತರಾದೆವು.

ಎರಡು ತಿಂಗಳ ಮೇಲೆ ಗಣಕದೊಳಗಿನ ಡಿಸ್ಕು ಕೆಟ್ಟಿತು. ರಿಪೇರಿಯವರು ಕೈಯಾಡಿಸಿಬಿಟ್ಟರು. ಹೊರಗಿನ ಡಿಸ್ಕನ್ನು ತೆರೆದರೆ ಅದು ಬರಿದು.

ಹಿಂದೆ ನಮ್ಮಲ್ಲಿ ಓದಿ ಈಗ ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ಶಿಷ್ಯನೊಬ್ಬನು ಬಂದು ಸ್ಕ್ರಿಪ್ಟನ್ನು ಓದಿದನು.

“ಮೇಷ್ಟ್ರೇ, ಈ ಗುರಿಗೆ ಬೆಲೆ ಎಲ್ಲಿ ಕೊಟ್ಟಿದ್ದೀರಿ?”

“ನಮ್ಮ ಸೆಟ್ಟಿಂಗ್ ಕಡತದಲ್ಲಿ ಕೊಟ್ಟಿದೆಯಪ್ಪಾ. ಎಕ್ಸ್‌ಪೋರ್ಟ್ ಎಂಬ ಮಾತನ್ನೂ ಸೇರಿಸಿದೆ.”

“ಕ್ರಾನ್ ಆ ಬಾಗಿಲಿನಿಂದ ಒಳಕ್ಕೆ ಬರುವುದೇ ಇಲ್ಲವಲ್ಲ, ಮೇಷ್ಟ್ರೇ.”

ಹೊಸ ಯಂತ್ರದಲ್ಲಿ ಕ್ರಾನಿನಿಂದಲೇ ‘ಎನ್ವ್’ ಎಂಬ ಅಪ್ಪಣೆಯನ್ನು ನಡೆಯಿಸಿ, ಅದಕ್ಕೆ ತಿಳಿದಿರುವ ಹೆಸರುಗಳನ್ನು ಒಂದು ಕಡತಕ್ಕೆ ಬರೆಯಿಸಿ ತೋರಿಸಿದನು. ನಮ್ಮ ಟರ್ಮಿನಲಿನಲ್ಲಿ ಪುಟ ತುಂಬ ಬರುವ ಪಟ್ಟಿಯು ಅಲ್ಲಿ ಬೆರಳೆಣಿಕೆಯಷ್ಟು: ಮನೆಯ ಕೋಶ, ಬಳಕೆದಾರನ ಹೆಸರು, ಶೆಲ್, ಅಪ್ಪಣೆಗಳನ್ನು ಹುಡುಕಲು ಎರಡೇ ಕೋಶಗಳಿರುವ ಪಾಥ್, ಇಂಥವು. ‘ಗುರಿ’ ಇಲ್ಲ. ಬೆಲೆಯಿಲ್ಲದ ಹೆಸರನ್ನು ಶೆಲ್ ತಪ್ಪೆಂದು ಎಣಿಸುವುದಿಲ್ಲ. ಆ ಸ್ಥಾನದಲ್ಲಿ ಶೂನ್ಯವನ್ನಿಟ್ಟು ಮುಂದೆ ಸಾಗುತ್ತದೆ. ಆದಕಾರಣ ನಕಲು ಇಡಬೇಕಾದ ಸ್ಥಳವು ಇಡೀ ವ್ಯವಸ್ಥೆಯ ಬುಡವೇ ಆಯಿತು. ಅಲ್ಲಿ ಬರೆಯಲು ನಮ್ಮಂಥವರಿಗೆ ಅಧಿಕಾರವಿಲ್ಲ. ಮೊದಲನೆಯ ಅಪ್ಪಣೆ ಪ್ರತಿರಾತ್ರಿಯೂ ಸೋತಿತು. ಅದು ಸೋತರೂ ಶೆಲ್ ನಿಲ್ಲದೆ ಎರಡನೆಯದಕ್ಕೆ ಹೋಗತಕ್ಕದ್ದು. ನಾವು ಕೈಯಾರೆ ಮಾಡಿದ್ದ ಒಂದೇ ಒಂದು ನಕಲನ್ನು, ಮೂವತ್ತು ದಿನ ದಾಟಿದೊಡನೆ, ಅದು ಬಹು ಶ್ರದ್ಧೆಯಿಂದ ಅಳಿಸಿತ್ತು! ಇಂಥ ಸೋಲನ್ನು ಕ್ರಾನ್ ಟಪಾಲಿನ ಮೂಲಕ ಯಜಮಾನನಿಗೆ ತಿಳಿಸಲೆತ್ನಿಸುವುದುಂಟು. ನಮ್ಮ ಯಂತ್ರದಲ್ಲಿ ಆ ಟಪಾಲಿನ ಏರ್ಪಾಡೇ ಇರಲಿಲ್ಲ.

ಇದರ ನಿಯಮವು ಮನೆತನದ ನಿಯಮವೇ. ಒಂದು ಶೆಲ್ಲಿನಲ್ಲಿ ಇಟ್ಟ ಹೆಸರು ಆ ಶೆಲ್ಲಿಗೆ ಮಾತ್ರ ಗೊತ್ತು. ಎಕ್ಸ್‌ಪೋರ್ಟ್ ಎಂದರೆ, ಅದರಿಂದ ಹುಟ್ಟುವ ಮಕ್ಕಳಿಗೂ ಹೆಸರಿನ ಒಂದೊಂದು ಪ್ರತಿ ಸಿಕ್ಕುತ್ತದೆ. ಸಿಕ್ಕುವುದು ಪ್ರತಿಯೇ ಹೊರತು ಮೂಲವಲ್ಲ. ಮಗನು ತನ್ನ ಪ್ರತಿಯನ್ನು ತಿದ್ದಿದರೆ ತಂದೆಯ ಪುಸ್ತಕವು ತಿದ್ದಿಹೋಗುವುದಿಲ್ಲ. ಸ್ಟೀಫನ್ ಬೋರ್ನ್ ಎಂಬಾತನ ಶೆಲ್ ೧೯೭೯ರಲ್ಲಿ ಯೂನಿಕ್ಸಿನ ಏಳನೆಯ ಆವೃತ್ತಿಯೊಡನೆ ಹೊರಬಂದಂದಿನಿಂದ ಈ ಪದ್ಧತಿ ನಡೆದುಬಂದಿದೆ. ಕ್ರಾನಾದರೋ ಯಂತ್ರವು ಎದ್ದಾಗಲೇ ಹುಟ್ಟಿ ಬೇರೆ ಶಾಖೆಗೆ ಸೇರಿದ್ದು. ನಮ್ಮ ಟರ್ಮಿನಲಿನ ಸಂತಾನವಲ್ಲ. ಅದಕ್ಕೆ ನಮ್ಮ ಆಸ್ತಿಯಲ್ಲಿ ಭಾಗವೆಲ್ಲಿಯದು?

ಮಕ್ಕಳು ಹುಟ್ಟುವುದೇ ತಿಳಿಯದ ಸಂದರ್ಭಗಳೂ ಉಂಟು. ಬ್ಯಾಷ್ ಎಂಬ ಶೆಲ್ಲಿನಲ್ಲಿ ಒಂದು ಅಪ್ಪಣೆಯ ಫಲವನ್ನು ಪೈಪಿನ ಮೂಲಕ ಇನ್ನೊಂದಕ್ಕೆ ಹಾಯಿಸಿ ಅಲ್ಲಿ ಸಾಲುಗಳನ್ನೆಣಿಸಿದರೆ, ಎಣಿಸಿದವನು ಮಗನಾಗಿರುತ್ತಾನೆ. ನೂರು ಎಣಿಸಿದರೂ ಹೊರಗೆ ಬಂದು ನೋಡಿದರೆ ಸೊನ್ನೆ. ಇದಕ್ಕೆ ವಿಪರೀತವಾಗಿ, ಸ್ಕ್ರಿಪ್ಟಿನೊಳಗಣ ಫಂಕ್ಷನ್ನಿನಲ್ಲಿ ‘ಲೋಕಲ್’ ಎಂದು ಹೇಳದೆ ಇಟ್ಟ ಹೆಸರು ಗೋಡೆ ದಾಟಿ ಸ್ಕ್ರಿಪ್ಟಿನಲ್ಲೆಲ್ಲ ಹರಡಿಕೊಳ್ಳುತ್ತದೆ.

ಶಾಸ್ತ್ರ ಬಲ್ಲವರಿಗೆ ಈ ವಿಚಾರವು ತೀರ ಅಪರಿಚಿತವಲ್ಲ. ಪಾಣಿನಿಯ ಅಂಗಾಧಿಕಾರವು ಆರನೆಯ ಅಧ್ಯಾಯದ ನಾಲ್ಕನೆಯ ಪಾದದ ಮೊದಲಲ್ಲಿ ಹುಟ್ಟಿ ಏಳನೆಯ ಅಧ್ಯಾಯದ ಕೊನೆಯವರೆಗೆ ನಡೆಯುತ್ತದೆ, ಅಲ್ಲಿಂದಾಚೆಗೆ ಇಲ್ಲ. ಅಧಿಕಾರ ಎಲ್ಲಿಯವರೆಗೆ ಎಂದು ಕೇಳದೆ ಸೂತ್ರಕ್ಕೆ ಅರ್ಥ ಹೇಳಹೊರಟ ಹುಡುಗರನ್ನು ನಾವು ಮೂವತ್ತು ವರ್ಷ ಗದರಿಸಿದ್ದೇವೆ. ಆ ಶಿಷ್ಯನೂ ಅವರಲ್ಲಿ ಒಬ್ಬನು. ಅವನು ಅದನ್ನು ನೆನಪಿಸಲಿಲ್ಲ; ಅದು ಅವನ ಸೌಜನ್ಯ.

ನಮಗಿಂತ ಬಲ್ಲವರೂ ಎಡವಿದ್ದಾರೆ. ೨೦೧೫ರ ಜನವರಿಯಲ್ಲಿ, ಸ್ಟೀಮ್ ಎಂಬ ಆಟದ ಪ್ರೋಗ್ರಾಮಿನ ಲಿನಕ್ಸ್ ಸ್ಕ್ರಿಪ್ಟೊಂದು, ತಾನಿರುವ ಕೋಶವನ್ನು ಹುಡುಕಿ ಸಿಕ್ಕದೆ, ಹೆಸರಿಗೆ ಶೂನ್ಯವೇ ಬೆಲೆಯಾಗಿ, ‘ಈ ಕೋಶದಲ್ಲಿರುವುದನ್ನೆಲ್ಲ ಅಳಿಸು’ ಎಂಬ ಅಪ್ಪಣೆಯು ‘ಬುಡದಿಂದ ಎಲ್ಲವನ್ನೂ ಅಳಿಸು’ ಎಂದಾಯಿತು. ಬಳಕೆದಾರನು ತನ್ನ ಕಡತಗಳನ್ನು ಕಳೆದುಕೊಂಡನು. ‘ಸೆಟ್’ ಎಂಬ ಅಪ್ಪಣೆಗೆ ‘ಯು’ ಎಂಬ ಗುರುತನ್ನು ಸೇರಿಸಿ ಸ್ಕ್ರಿಪ್ಟಿನ ತಲೆಯಲ್ಲಿ ಬರೆದರೆ, ಬೆಲೆಯೇ ಇಡದ ಹೆಸರು ಕಂಡೊಡನೆ ಶೆಲ್ ನಿಲ್ಲುತ್ತದೆ. ನಮ್ಮನ್ನು ಅಷ್ಟೇ ಕಾಪಾಡುತ್ತಿತ್ತು. ಆದರೆ ಸ್ಟೀಮಿನಲ್ಲಿ ಹೆಸರಿಗೆ ಬೆಲೆ ಇಟ್ಟಿತ್ತು, ಅದು ಖಾಲಿಯಾಗಿತ್ತು. ಅಂಥದನ್ನು ಹಿಡಿಯಬೇಕಾದರೆ ಹೆಸರಿನ ಪಕ್ಕದಲ್ಲಿ, ಪುಷ್ಪಾವರಣದೊಳಗೆ, ಒಂದು ವಿವರಣಚಿಹ್ನೆಯನ್ನೂ ಪ್ರಶ್ನಾರ್ಥಕವನ್ನೂ ಬರೆಯತಕ್ಕದ್ದು. ಈಗ ನಾವು ಎರಡನ್ನೂ ಬರೆಯುತ್ತೇವೆ. ವಿಳಾಸವನ್ನು ಸ್ಕ್ರಿಪ್ಟಿನೊಳಗೇ ಕೊಡುತ್ತೇವೆ. ಹೊಸ ನಕಲು ಬಿದ್ದ ಹೊರತು ಹಳೆಯದನ್ನು ಮುಟ್ಟಗೊಡುವುದಿಲ್ಲ.

ಒಂದು, ಎರಡು, ನಾಲ್ಕನೆಯ ಪುಸ್ತಕಗಳನ್ನು ಮತ್ತೆ ಟೈಪು ಮಾಡುತ್ತಿದ್ದೇವೆ. ಮೂರನೆಯದು ತದ್ಧಿತ ಪ್ರಕರಣ. ಸಹಪಾಠಿಯೊಬ್ಬರ ಬಳಿ ಅದರ ಕೆಲವು ಹಾಳೆಗಳಿರಬಹುದೆಂದು ಕಾಗದ ಬರೆದಿದ್ದೇವೆ. ಬೆಳಗ್ಗೆ ಸಂಧ್ಯಾವಂದನೆಯಾದ ಮೇಲೆ ಹೊರಗಿನ ಡಿಸ್ಕನ್ನು ತೆರೆದು, ರಾತ್ರಿಯ ನಕಲಿನಲ್ಲಿ ಯಾವುದಾದರೊಂದು ಪುಟವನ್ನು ಓದಿ ನೋಡಿ, ಆಮೇಲೆ ಕಾಫಿ ಕುಡಿಯುತ್ತೇವೆ.