‘ಕರೆಂಟ್’ ಕೊಡುವ ಓದು ಹೆಣ್ಣುಮಗಳಿಗೆ ಬೇಕೆ?

ಕಳಸದ ಹತ್ತಿರದ ತೋಟದ ಮನೆಯಿಂದ ಸೋದರಿಯೊಬ್ಬರು ಬರೆದಿದ್ದಾರೆ: “ಅಕ್ಕಾ, ಮಗಳು ಫಿಸಿಕ್ಸ್ ತಗೊಂಡು ಬಿ.ಎಸ್ಸಿ. ಮುಗಿಸಿದಾಳೆ. ಈಗ ಘಟ್ಟ ಇಳಿದು ಮಣಿಪಾಲದಲ್ಲಿ ಮೆಡಿಕಲ್ ರೇಡಿಯೇಷನ್ ಫಿಸಿಕ್ಸ್ ಓದ್ತೀನಿ ಅಂತ ಹಟ. ಕ್ಯಾನ್ಸರಿಗೆ ಕರೆಂಟ್ ಕೊಡೋ ಕೆಲಸವಂತೆ. ನಮ್ಮತ್ತೆ, ‘ಅಂಥ ಕಡೆ ಹೋದವಳಿಗೆ ಮಕ್ಕಳಾಗಲ್ಲ, ಯಾರು ಮದುವೆ ಆಗ್ತಾರೆ’ ಅಂತಾರೆ. ನಾದಿನಿಗೆ ಕರೆಂಟ್ ಕೊಡಿಸಿಕೊಂಡು ಬಂದಾಗ ತಟ್ಟೆ, ಲೋಟ ಎಲ್ಲ ಬೇರೆ ಇಟ್ಟಿದ್ವಿ. ನನಗೂ ಭಯ.”

ಸೋದರಿ, ನಾವು ‘ಕರೆಂಟ್’ ಅನ್ನುವುದು ವಿದ್ಯುತ್ತಲ್ಲ. ಎಕ್ಸ್-ರೇ ಜಾತಿಯ, ಅದಕ್ಕಿಂತ ಬಹಳ ಬಲವಾದ ಕಿರಣ. ಎಷ್ಟು ಕೊಡಬೇಕೆಂದು ವೈದ್ಯರು ಹೇಳುತ್ತಾರೆ. ಅದು ಗಡ್ಡೆಗೇ ತಗಲಿ, ಪಕ್ಕದ ಅಂಗಗಳಿಗೆ ಆದಷ್ಟು ಕಡಿಮೆ ತಾಗುವಂತೆ ಲೆಕ್ಕ ಹಾಕುವವರು, ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸುವವರು ಈ ಓದು ಓದಿದವರು. ಕಾಫಿಬೀಜ ಹುರಿಯುವ ನಿಮಗೆ ಹದ ಗೊತ್ತು: ಹೆಚ್ಚಾದರೆ ಸೀದುಹೋಯಿತು, ಕಡಿಮೆಯಾದರೆ ಹಸಿ. ಇಲ್ಲಿ ಹದ ತಪ್ಪಿದರೆ ಕೆಡುವುದು ಜೀವ.

ಇದರ ಜೊತೆಗಾತಿ ವಿಕಿರಣ ಜೀವಶಾಸ್ತ್ರ. ಕಿರಣವನ್ನು ಒಂದೇ ದಿನ ಕೊಡದೆ ವಾರಗಟ್ಟಲೆ ಹಂಚಿ ಯಾಕೆ ಕೊಡುತ್ತಾರೆ? ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಜೀವಕೋಶಗಳು ತಮ್ಮ ಗಾಯ ಸರಿಪಡಿಸಿಕೊಳ್ಳುತ್ತವೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಿ. ಉಮಾದೇವಿಯವರು 1990ರ ದಶಕದಲ್ಲಿ ತುಳಸಿಯ ಮೇಲೆ ಸಂಶೋಧನೆ ನಡೆಸಿ, ಅದರ ಎಲೆಯ ಸತ್ವ ಇಲಿಗಳಲ್ಲಿ ವಿಕಿರಣದ ಹಾನಿ ತಗ್ಗಿಸುತ್ತದೆಂದು ಕಂಡರು. (ಹಾಗೆಂದು ಚಿಕಿತ್ಸೆ ಬಿಟ್ಟು ತುಳಸಿ ಕಷಾಯ ಕುಡಿಯುತ್ತ ಕೂರಬೇಡಿ!)

ಅತ್ತೆಯವರ ಭಯ ಬುಡವಿಲ್ಲದ್ದಲ್ಲ. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ ಯಾವ ರಕ್ಷಣೆಯೂ ಇಲ್ಲದೆ ದುಡಿದು, 1934ರಲ್ಲಿ ರಕ್ತದ ಕಾಯಿಲೆಯಿಂದ ತೀರಿಕೊಂಡರು. ಆದರೆ ಇಂದು ಯಂತ್ರ ನಡೆಯುವಾಗ ಸಿಬ್ಬಂದಿ ದಪ್ಪ ಗೋಡೆಯ ಆಚೆ ಇರುತ್ತಾರೆ. ಎದೆಗೆ ಬ್ಯಾಡ್ಜ್ ಧರಿಸುತ್ತಾರೆ. ಎಷ್ಟು ಕಿರಣ ತಗಲಿತೆಂದು ಅದು ಲೆಕ್ಕ ಕೊಡುತ್ತದೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷವೂ 30 ದಾಟಬಾರದು. ಗರ್ಭಿಣಿಯೆಂದು ತಿಳಿಸಿದ ಮೇಲೆ ಹೊಟ್ಟೆಯ ಮಗುವಿಗೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಗಲುವಂತಿಲ್ಲ. ಈ ಮಿತಿಯೊಳಗೆ ಬಂಜೆತನ ಬರುವುದಿಲ್ಲ.

ಎರಡು ವರ್ಷ ಎಂ.ಎಸ್ಸಿ., ಮೇಲೊಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಎಲ್ಲೇ ಸೇರಲಿ, ಆ ಕೋರ್ಸಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಇದೆಯೇ ಎಂದು ಕೇಳಿಯೇ ಫೀಜು ಕಟ್ಟಿ. ಎಂ.ಎಸ್ಸಿ. ಫಿಸಿಕ್ಸ್ ಮಾಡಿದವರಿಗೆ ಮುಂಬಯಿಯ ಭಾಭಾ ಕೇಂದ್ರದಲ್ಲಿ 1962ರಿಂದ ನಡೆದುಬಂದ ಡಿಪ್ಲೊಮಾ ಕೂಡ ಉಂಟು.

ಅತ್ತೆಯವರೊಡನೆ ವಾದಕ್ಕಿಳಿಯಬೇಡಿ. ಮಗಳನ್ನೇ ಅವರ ಪಕ್ಕ ಕೂರಿಸಿ, ಸಮಾಧಾನವಾಗಿ ಹೇಳಲಿ. ಇನ್ನು ನಾದಿನಿಯ ತಟ್ಟೆಯ ವಿಷಯ: ಹೊರಗಿನಿಂದ ಯಂತ್ರದಲ್ಲಿ ಕೊಟ್ಟ ಕಿರಣ, ಯಂತ್ರ ನಿಂತೊಡನೆ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಮಕ್ಕಳನ್ನು ಎತ್ತಿಕೊಳ್ಳಬಹುದಿತ್ತು, ಜೊತೆಗೆ ಕೂತು ಉಣ್ಣಬಹುದಿತ್ತು. ಅಂದು ಮನೆಯಲ್ಲಿ ಇದನ್ನು ಓದಿದ ಹುಡುಗಿಯೊಬ್ಬಳಿದ್ದಿದ್ದರೆ ಆ ತಟ್ಟೆ ಬೇರೆಯಾಗುತ್ತಿರಲಿಲ್ಲ.

ಕಳಿಸಿಕೊಡಿ, ಸೋದರಿ.