ಮೆಕ್ಕೆಜೋಳದ ದಿಂಡಿನಲ್ಲಿ ಅಡಗಿರುವ ಸಿಹಿ

ಸುಗ್ಗಿಯ ಕಾಲದಲ್ಲಿ ಶಿಕಾರಿಪುರದಿಂದ ಸೊರಬದ ಕಡೆಗೆ ಪ್ರಯಾಣ ಮಾಡುವವರು ದಾರಿಯ ಇಕ್ಕೆಲಗಳಲ್ಲಿಯೂ ಎರಡು ಬಗೆಯ ರಾಶಿಗಳನ್ನು ಕಾಣುತ್ತಾರೆ. ಒಂದು, ಒಣಗಲು ಹರಡಿದ ಮೆಕ್ಕೆಜೋಳದ ಕಾಳು. ಇನ್ನೊಂದು, ಕಾಳು ಬಿಡಿಸಿದ ಮೇಲೆ ಉಳಿದ ದಿಂಡು. ಮೊದಲನೆಯದಕ್ಕೆ ಕಾವಲುಂಟು, ಎರಡನೆಯದಕ್ಕೆ ಇಲ್ಲ. ದಿಂಡು ಒಲೆಗೆ ಹೋಗುತ್ತದೆ, ಇಲ್ಲವೆ ಬದುವಿನಲ್ಲಿಯೇ ಬೂದಿಯಾಗುತ್ತದೆ. ಕಾವಲಿಲ್ಲದ ಈ ರಾಶಿಯ ವಿಚಾರವಾಗಿ ವಿದ್ಯಾರ್ಥಿಗಳೊಡನೆ ನಾಲ್ಕು ಮಾತನಾಡಬೇಕೆಂಬುದು ನನ್ನ ಅಪೇಕ್ಷೆ.

ದಿಂಡಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಕ್ಸೈಲಾನ್ ಮೊದಲಾದ ವಸ್ತುಗಳಿಂದಾದುದು. ಅದನ್ನು ಆಮ್ಲ ಬೆರೆಸಿದ ನೀರಿನಲ್ಲಿ ಕಾಯಿಸಿದರೆ ಕ್ಸೈಲೋಸ್ ಎಂಬ ಸಕ್ಕರೆ ದೊರೆಯುತ್ತದೆ. ಕ್ಸೈಲೋಸಿಗೆ ಹೈಡ್ರೊಜನ್ ಕೂಡಿಕೊಂಡಾಗ ಆಗುವುದೇ ಕ್ಸೈಲಿಟಾಲ್. ಇಂಥವನ್ನು ಸಕ್ಕರೆ ಆಲ್ಕೊಹಾಲುಗಳೆಂದು ಕರೆಯುವರು. ಅಮಲಿಗೂ ಇವಕ್ಕೂ ಸಂಬಂಧವಿಲ್ಲ. 1891ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಇದನ್ನು ಮೊದಲು ತಯಾರಿಸಿದವರಲ್ಲೊಬ್ಬ. 1970ರ ದಶಕದಲ್ಲಿ ಫಿನ್ಲೆಂಡಿನವರು ತಮ್ಮ ಕಾಡಿನ ಬರ್ಚ್ ಮರದಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ತೆಗೆದರು. ಸಿಹಿಯಲ್ಲಿ ಇದು ಸಕ್ಕರೆಗೆ ಸಮ. ಆದರೆ ಗ್ರಾಂ ಒಂದಕ್ಕೆ ಸಕ್ಕರೆ 4 ಕಿಲೊಕ್ಯಾಲೊರಿ ಶಕ್ತಿ ಕೊಟ್ಟರೆ ಇದು ಕೊಡುವುದು 2.4 ಮಾತ್ರ. ಹಲ್ಲನ್ನು ಹುಳುಕಾಗಿಸುವ ಬ್ಯಾಕ್ಟೀರಿಯಗಳಿಗೆ ಇದು ಆಹಾರವಾಗದು.

ಹೈಡ್ರೊಜನ್ ಕೂಡಿಸಲು ಕಾರ್ಖಾನೆಗಳು ಸಾಮಾನ್ಯವಾಗಿ ನಿಕಲ್ ವೇಗವರ್ಧಕವನ್ನೂ ಹೆಚ್ಚಿನ ಉಷ್ಣತೆ, ಒತ್ತಡಗಳನ್ನೂ ಬಳಸುತ್ತವೆ. ಕ್ಯಾಂಡಿಡ ಜಾತಿಯ ಕೆಲವು ಯೀಸ್ಟುಗಳಾದರೋ ಅದೇ ಕೆಲಸವನ್ನು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸದ್ದಿಲ್ಲದೆ ಮಾಡುತ್ತವೆ. ಗಾಳಿಯನ್ನು ಮಿತವಾಗಿ ಒದಗಿಸಿದರೆ ಯೀಸ್ಟು ಕ್ಸೈಲಿಟಾಲನ್ನು ಪೂರ್ಣವಾಗಿ ಅರಗಿಸಿಕೊಳ್ಳಲಾರದೆ ಹೊರಕ್ಕೆ ಬಿಡುತ್ತದೆ.

ಇದರ ಸೋದರ ವಸ್ತು ಎರಿತ್ರಿಟಾಲ್. ಇದನ್ನು ಉದ್ಯಮದಲ್ಲಿ ಯೀಸ್ಟಿನಿಂದಲೇ ಪಡೆಯುವರು; ಕಚ್ಚಾ ವಸ್ತು ಮೆಕ್ಕೆಜೋಳದ ಪಿಷ್ಟದಿಂದ ಬಂದ ಗ್ಲೂಕೋಸು. ಲೀಟರಿಗೆ 300 ಗ್ರಾಂ ಗ್ಲೂಕೋಸುಳ್ಳ ದ್ರಾವಣದ ಅಭಿಸರಣ ಒತ್ತಡವನ್ನು ಲೆಕ್ಕ ಹಾಕಿ ನೋಡಿರಿ: ಅದು ವಾಯುಮಂಡಲದ ಒತ್ತಡದ ಸುಮಾರು 40 ಮಡಿ! ಆ ದ್ರಾವಣದಲ್ಲಿ ಬಿದ್ದ ಜೀವಕೋಶ ನೀರು ಕಳೆದುಕೊಂಡು ಮುದುಡಬೇಕು. ಮುದುಡದಿರಲು ಯಾರೋವಿಯದಂಥ ಯೀಸ್ಟು ತನ್ನೊಳಗೆ ಎರಿತ್ರಿಟಾಲನ್ನು ತುಂಬಿಕೊಳ್ಳುತ್ತದೆ. ಅದರ ಆತ್ಮರಕ್ಷಣೆಯೇ ನಮಗೆ ಸಿಹಿ.

‘ಇದು ಜೀವಶಾಸ್ತ್ರದ ಪಾಠ, ಭೌತಶಾಸ್ತ್ರದ ಮೇಷ್ಟರಿಗೆ ಇಲ್ಲೇನು ಕೆಲಸ?’ ಎಂದು ಯಾರಾದರೂ ಕೇಳಬಹುದು. ಸಿಹಿಯನ್ನು ಮಾಡುವುದು ಯೀಸ್ಟಿನ ಕೆಲಸ, ನಿಜ. ಅದನ್ನು ಬೇರ್ಪಡಿಸಿ ತೆಗೆಯುವುದು ಮಾತ್ರ ನಮ್ಮ ಕೆಲಸ. ಹುದುಗಿದ ದ್ರವವನ್ನು ಸೋಸಬೇಕು, ಲವಣ ಮತ್ತು ಬಣ್ಣವನ್ನು ಕಳೆಯಬೇಕು, ನೀರನ್ನು ಆವಿಯಾಗಿಸಬೇಕು, ತಣಿಸಿ ಹರಳುಗಟ್ಟಿಸಬೇಕು. ಲೀಟರಿಗೆ 100 ಗ್ರಾಂ ಸಿಹಿಯಿದ್ದರೆ ಒಂದು ಕಿಲೋಗ್ರಾಂ ಹರಳಿಗಾಗಿ ಎಂಟು ಲೀಟರಿನಷ್ಟು ನೀರನ್ನಾದರೂ ಓಡಿಸಬೇಕಾಗುತ್ತದೆ. ಅದಕ್ಕೆ ಬೇಕಾಗುವ ಶಾಖ ಸುಮಾರು 18 ಮೆಗಾಜೂಲ್. ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಒಣದಿಂಡನ್ನು ಸುಟ್ಟರೆ ಬರುವಷ್ಟು. ಸಕ್ಕರೆ ಕಾರ್ಖಾನೆಗಳಂತೆ ಒಂದು ಪಾತ್ರೆಯ ಆವಿಯಿಂದ ಮುಂದಿನ ಪಾತ್ರೆಯನ್ನು ಕಾಯಿಸಿದರೆ ಈ ವೆಚ್ಚ ಬಹಳವಾಗಿ ಇಳಿಯುತ್ತದೆ. ಹೀಗೆ ಉದ್ಯಮದ ಲಾಭನಷ್ಟ ನಿರ್ಧಾರವಾಗುವುದು ಯೀಸ್ಟಿನಿಂದ ಮಾತ್ರವಲ್ಲ, ಉಷ್ಣಶಾಸ್ತ್ರದಿಂದಲೂ ಹೌದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ದಿಂಡನ್ನು ನೇರವಾಗಿ ಸುಡುವುದು ಅವಿವೇಕ. ಮೊದಲು ಸಿಹಿಯನ್ನು ತೆಗೆದು, ಉಳಿದ ನಾರನ್ನು ಒಣಗಿಸಿ ಸುಟ್ಟರೆ ಆವಿಗೆ ಬೇಕಾದ ಶಾಖದ ಬಹುಭಾಗವನ್ನು ಅದರಿಂದಲೇ ಪಡೆಯಬಹುದು. ಆದರೆ ನಾಳೆಯೇ ಊರಿಗೊಂದು ಕಾರ್ಖಾನೆ ಬರಲೆಂದು ನಾನು ಹೇಳುವುದಿಲ್ಲ. ದಿಂಡು ಹಗುರ, ಗಾತ್ರ ದೊಡ್ಡದು; ದೂರ ಸಾಗಿಸಿದರೆ ಲಾಭವೆಲ್ಲ ಲಾರಿಯ ಬಾಡಿಗೆಗೆ ಸಲ್ಲುತ್ತದೆ. ಮೊದಲು ಸಣ್ಣ ಪ್ರಮಾಣದಲ್ಲಿ ಪರೀಕ್ಷೆ ನಡೆಯಲಿ. ಯೋಜನೆ ಹೊತ್ತು ಬರುವವರನ್ನು ಮೂರು ಪ್ರಶ್ನೆ ಕೇಳಬೇಕು: ಶಾಖ ಎಲ್ಲಿಂದ? ಆಮ್ಲದ ಕೊಳೆನೀರು ಎಲ್ಲಿಗೆ? ದಿಂಡಿಗೆ ರೈತನಿಗೆಷ್ಟು? ಎರಡನೆಯ ಪ್ರಶ್ನೆಗೆ ‘ಕುಮುದ್ವತಿಗೆ’ ಅಥವಾ ‘ದಂಡಾವತಿಗೆ’ ಎಂಬುದು ಉತ್ತರವಾದರೆ ಆ ಸಿಹಿ ನಮಗೆ ಬೇಡ.

ಮತ್ತೊಂದು ಎಚ್ಚರಿಕೆ. ಈ ಸಿಹಿಗಳು ಮಧುಮೇಹಕ್ಕೆ ಔಷಧವಲ್ಲ. ರಕ್ತದಲ್ಲಿ ಎರಿತ್ರಿಟಾಲ್ ಹೆಚ್ಚಾಗಿದ್ದವರಲ್ಲಿ ಹೃದಯಾಘಾತದ ಅಪಾಯವೂ ಹೆಚ್ಚಾಗಿ ಕಂಡಿತೆಂದು 2023ರಲ್ಲಿಯೂ, ಕ್ಸೈಲಿಟಾಲಿನ ವಿಚಾರದಲ್ಲಿ ಅಂಥದೇ ಫಲಿತಾಂಶವೆಂದು 2024ರಲ್ಲಿಯೂ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಆದರೂ ಅದನ್ನು ಅಲಕ್ಷಿಸುವುದು ವಿಜ್ಞಾನವಲ್ಲ. ನಾಯಿಗಳಿಗಂತೂ ಕ್ಸೈಲಿಟಾಲ್ ವಿಷ.

ಕೊನೆಗೊಂದು ಪ್ರಯೋಗ. 100 ಗ್ರಾಂ ನೀರಿಗೆ 10 ಗ್ರಾಂ ಎರಿತ್ರಿಟಾಲ್ ಹಾಕಿ ಕದಡಿ, ಉಷ್ಣತಾಮಾಪಕವನ್ನು ಇಟ್ಟು ನೋಡಿರಿ. ಉಷ್ಣತೆ ಸುಮಾರು 4 ಡಿಗ್ರಿ ಇಳಿಯುತ್ತದೆ. ಕರಗುವಾಗ ಹರಳು ನೀರಿನ ಶಾಖವನ್ನು ಹೀರುತ್ತದೆ. ನಾಲಿಗೆಗೆ ತಂಪೆನಿಸುವುದೂ ಇದರಿಂದಲೇ. ಒಂದು ಲೋಟದಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳು ಒಟ್ಟಿಗೆ ಇರುವಾಗ, ಅವುಗಳ ನಡುವೆ ಗೋಡೆ ಕಟ್ಟಿಕೊಂಡವರು ನಾವು. ಆ ಗೋಡೆಯನ್ನು ದಾಟಿದ ವಿದ್ಯಾರ್ಥಿಯೊಬ್ಬ ನಮ್ಮ ತಾಲ್ಲೂಕಿನಿಂದ ಹೊರಟನೆಂದರೆ, ದಿಂಡಿನ ರಾಶಿಗೂ ಒಂದು ದಿನ ಕಾವಲು ಬಂದೀತು.