ರೇಡಿಯೋ ಕೆಲಸಗಾರರೂ ಪರದೆಯ ಚಿತ್ರವೂ

ಒಂದು ಕಸಬಿನವರನ್ನು ಲೋಕವು ಹೇಗೆ ಕಾಣುವುದೋ ಅದರಂತೆಯೇ ಆ ಕಸಬಿನ ಮರ್ಯಾದೆಯೂ, ಕಾಲಕ್ರಮದಲ್ಲಿ ಅದರ ಸಂಬಳವೂ ಶಿಕ್ಷಣವೂ ನಿರ್ಧಾರವಾಗುವುವು. ರೇಡಿಯೋದಲ್ಲಿ ದುಡಿಯುವವರ ವಿಷಯದಲ್ಲಿ ಈ ಮಾತು ಎಷ್ಟು ನಿಜವೆಂಬುದನ್ನು ವಾಚಕರು ಆಲೋಚಿಸಬೇಕೆಂದು ನಾವು ಅಪೇಕ್ಷಿಸುತ್ತೇವೆ. ಇವರನ್ನು ಕಣ್ಣಾರೆ ಕಂಡವರು ವಿರಳ. ಕಿವಿಗೆ ಮಾತ್ರ ಪರಿಚಿತರಾದ ಇವರಿಗೆ ಮುಖವನ್ನು ಒದಗಿಸಿರುವುದು ಸಿನೆಮಾ, ಟೆಲಿವಿಷನ್ ಮತ್ತು ಜಾಹೀರಾತು.

ಅಮೆರಿಕೆಯ ಟೆಲಿವಿಷನ್ನಿನಲ್ಲಿ 1978ರಿಂದ 1982ರವರೆಗೆ 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ' ಎಂಬ ವಿನೋದಮಾಲೆ ನಡೆಯಿತು. ಅದರಲ್ಲಿ ವಾರ್ತೆ ಓದುವವನು ನಗೆಪಾಟಲಿನವನು. ಜಾಹೀರಾತು ಸಂಗ್ರಹಿಸುವವನು ಕಣ್ಣು ಕುಕ್ಕುವ ಉಡುಪಿನ ಆಡಂಬರಗಾರ. 1993ರಿಂದ 2004ರವರೆಗೆ ನಡೆದ 'ಫ್ರೇಸಿಯರ್' ಮಾಲೆಯ ನಾಯಕನು ಸಿಯಾಟಲ್ ನಗರದ ರೇಡಿಯೋದಲ್ಲಿ ಕೇಳುಗರಿಗೆ ಬುದ್ಧಿ ಹೇಳುವ ಮನೋವೈದ್ಯ. ತನ್ನ ಬಾಳನ್ನು ಮಾತ್ರ ನೇರ್ಪಡಿಸಿಕೊಳ್ಳಲಾರದವನು. ನಮ್ಮ ದೇಶದಲ್ಲಿ 2006ರ 'ಲಗೇ ರಹೋ ಮುನ್ನಾಭಾಯಿ'ಯ ನಾಯಕಿಯೂ, 2017ರ 'ತುಮ್ಹಾರಿ ಸುಲು'ವಿನ ಗೃಹಿಣಿಯೂ ರೇಡಿಯೋದವರೇ. ಎರಡನೆಯವಳು ಸ್ಪರ್ಧೆಯಲ್ಲಿ ಗೆದ್ದ ಬಹುಮಾನವನ್ನು ಪಡೆಯಲು ಹೋಗಿ ಉದ್ಯೋಗವನ್ನೇ ಪಡೆಯುವಳು. ಚಿತ್ರಗಳು ಸೊಗಸಾಗಿವೆ, ಆ ಗೃಹಿಣಿಯ ಕೆಲಸವು ಮನೆಯವರಲ್ಲಿ ಎಬ್ಬಿಸುವ ಕೋಲಾಹಲವೂ ಸುಳ್ಳಲ್ಲ. ಆದರೆ ಇವುಗಳಿಂದ ನೋಡುವವನ ಮನಸ್ಸಿನಲ್ಲಿ ಉಳಿಯುವುದು ಒಂದೇ: ಕಂಠವೊಂದಿದ್ದರೆ ಸಾಕು, ರೇಡಿಯೋ ತಾನಾಗಿ ನಡೆಯುವುದು!

ಜಾಹೀರಾತುಗಾರರಿಗೂ ಬೇಕಾದುದು ಕಂಠವೇ. 1952ರಲ್ಲಿ ಸರ್ಕಾರದ ರೇಡಿಯೋವಿನಲ್ಲಿ ಸಿನೆಮಾ ಹಾಡುಗಳಿಗೆ ಸ್ಥಾನ ತಪ್ಪಿದಾಗ ಶ್ರೋತೃಗಳು ಸಿಂಹಳದ ಕಡೆಗೆ ತಿರುಗಿದರು. ಅಲ್ಲಿಂದ ಬಿತ್ತರವಾದ ಅಮೀನ್ ಸಯಾನಿಯವರ ಗೀತಮಾಲೆಯು ಬಿನಾಕಾ ಟೂತ್‌ಪೇಸ್ಟಿನ ಹೆಸರನ್ನು ಮನೆಮನೆಗೆ ಮುಟ್ಟಿಸಿತು. 1967ರಲ್ಲಿ ವಿವಿಧ ಭಾರತಿಯೂ ಜಾಹೀರಾತಿಗೆ ಬಾಗಿಲು ತೆರೆಯಿತು. 2024ರಲ್ಲಿ ಕಾಲವಾದ ಸಯಾನಿಯವರ ಹಿರಿಮೆಯನ್ನು ನಾವು ಕಡಿಮೆಮಾಡುವುದಿಲ್ಲ. ಆದರೆ ಅಂತಹ ಕಂಠದ ಹಿಂದೆ ಪತ್ರಗಳನ್ನು ಓದಿ ವಿಂಗಡಿಸುವವರೂ, ಧ್ವನಿಮುದ್ರಣ ಮಾಡುವವರೂ, ಪ್ರಸಾರಯಂತ್ರವನ್ನು ಇರುಳೆಲ್ಲ ಕಾಯುವವರೂ ಇರುವರೆಂಬುದನ್ನು ಯಾವ ಜಾಹೀರಾತು ಹೇಳೀತು? ಕಡಲಿಗಿಳಿಯುವ ಬೆಸ್ತನಿಗೆ ಹವಾಮಾನದ ಎಚ್ಚರಿಕೆಯನ್ನೂ, ರೈತನಿಗೆ ಬೆಳೆಯ ಸಲಹೆಯನ್ನೂ ಮುಟ್ಟಿಸುವವರು ಇವರೇ ಅಲ್ಲವೆ?

ನಮ್ಮ ನಾಡಿನ ಉದಾಹರಣೆಯೇ ಕಣ್ಣ ಮುಂದಿದೆ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನಾರಂಭಿಸಿದರು. ಮುಂದೆ ರಾಷ್ಟ್ರದ ರೇಡಿಯೋ ಧರಿಸಿದ 'ಆಕಾಶವಾಣಿ' ಎಂಬ ಹೆಸರು ಮೊದಲು ಆ ಕೇಂದ್ರದ್ದು. ಸಿಯಾಟಲ್ಲಿನ ಕಲ್ಪಿತ ಮನೋವೈದ್ಯನನ್ನು ಲಕ್ಷಾಂತರ ಜನ ಬಲ್ಲರು. ಮೈಸೂರಿನ ನಿಜವಾದ ಮನಶ್ಶಾಸ್ತ್ರಜ್ಞರನ್ನು ಬಲ್ಲವರೆಷ್ಟು ಮಂದಿ?

ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ. 2001ರಲ್ಲಿ ಬೆಂಗಳೂರಿನಿಂದ ಮೊದಲಾದ ಖಾಸಗಿ ಎಫ್‌ಎಂ ಕೇಂದ್ರಗಳಿಗೆ ಸ್ವಂತ ವಾರ್ತೆಯನ್ನು ಬಿತ್ತರಿಸುವ ಅಧಿಕಾರ ದೊರೆಯಲಿಲ್ಲ. 2011ರ ನಿಯಮಾವಳಿಯು ಆಕಾಶವಾಣಿಯ ವಾರ್ತೆಯನ್ನು ಮಾರ್ಪಡಿಸದೆ ಮರುಪ್ರಸಾರಮಾಡಲು ಮಾತ್ರ ಅನುಮತಿಯಿತ್ತಿತು. ಗಂಟೆಗೆ 10 ನಿಮಿಷಗಳ ವಾರ್ತೆಗೆ ಅವಕಾಶವಿರಲೆಂದು ಟೆಲಿಕಾಂ ನಿಯಂತ್ರಣ ಪ್ರಾಧಿಕಾರವು ಶಿಫಾರಸು ಮಾಡಿದುದು 2023ರಲ್ಲಿ. ವಾರ್ತೆಯ ಬಾಯಿಯನ್ನು ಕಟ್ಟಿ, ಹಾಸ್ಯಕ್ಕೆ ಮಾತ್ರ ಬಿಟ್ಟು, ಅನಂತರ ರೇಡಿಯೋದವರು ಬರಿಯ ವಾಚಾಳಿಗಳೆಂದು ಪರದೆಯ ಮೇಲೆ ನಗುವುದು ನ್ಯಾಯವೆ? ಇತ್ತ 2018ರ ಡಿಸೆಂಬರಿನಲ್ಲಿ ವೆಚ್ಚ ತಗ್ಗಿಸುವ ನೆಪದಿಂದ ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯನ್ನೂ, ಐದು ಊರುಗಳ ಪ್ರಾದೇಶಿಕ ತರಬೇತಿ ಸಂಸ್ಥೆಗಳನ್ನೂ ಮುಚ್ಚಲು ಆಜ್ಞೆಯಾಯಿತು. ಸಿನೆಮಾದಿಂದಲೇ ಇದಾಯಿತೆಂದು ನಾವು ಹೇಳುವುದಿಲ್ಲ. ಆದರೆ ಕಲಿಯದೆಯೇ ಬರುವ ಕೆಲಸವೆಂದು ಜನರು ನಂಬಿರುವಲ್ಲಿ, ಕಲಿಸುವ ಮನೆಗೆ ಬೀಗ ಬಿದ್ದರೆ ಕೇಳುವವರು ಯಾರು?

ಚಿತ್ರಕಾರರು ಹಾಸ್ಯವನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಗಾಜಿನ ಆಚೆಗೆ ಕುಳಿತ ಎಂಜಿನಿಯರನನ್ನೂ, ದಿನಗೂಲಿಯಂತೆ ಸಂಭಾವನೆ ಪಡೆದು ಉದ್ಘೋಷಿಸುವ ತಾತ್ಕಾಲಿಕ ಕೆಲಸಗಾರನನ್ನೂ ಒಮ್ಮೆಯಾದರೂ ತೋರಿಸಲಿ. ಅಧಿಕಾರಿಗಳು ತರಬೇತಿಯ ಏರ್ಪಾಡನ್ನು ಬಲಪಡಿಸಲಿ. ಕೇಳುಗರಾದ ನಾವಾದರೂ, ದನಿಯ ಹಿಂದೆ ದುಡಿಮೆಯುಂಟೆಂಬುದನ್ನು ಮರೆಯದಿರೋಣ.